ರನ್ನನ ದಾರಿಯಲ್ಲಿ ಅವೆಂಜರ್ಸ್

ಕೆ.ಆರ್. ಪುರದಿಂದ ಸಂಜೆ ಹೊರಟ ನೇರಳೆ ಮಾರ್ಗದ ಮೆಟ್ರೊದಲ್ಲಿ ಪಕ್ಕದವರ ಫೋನಿನ ಮೇಲೆ ಕಣ್ಣು ಹಾಯಿಸಿ. ಎಂ.ಜಿ. ರೋಡ್ ಬರುವಷ್ಟರಲ್ಲಿ ಯಾರದೋ ಪರದೆಯ ಮೇಲೆ ಐರನ್ ಮ್ಯಾನ್ ಒಂದು ಸುತ್ತು ಹಾರಿರುತ್ತಾನೆ. ‘ಅವೆಂಜರ್ಸ್: ಡೂಮ್ಸ್‌ಡೇ’ ಬಿಡುಗಡೆ 2026ರ ಡಿಸೆಂಬರ್ 18ಕ್ಕೆಂದು ನಿಗದಿಯಾದ ಮೇಲೆ ಮಾರ್ವೆಲ್ ಅಭಿಮಾನಿಗಳಿಗೆ ಹಳೆಯದನ್ನೆಲ್ಲ ಇನ್ನೊಮ್ಮೆ ನೋಡುವ ಹುಕಿ. ಶುರು ಎಲ್ಲಿಂದ ಎಂಬಲ್ಲೇ ಜಗಳ. 2008ರ ‘ಐರನ್ ಮ್ಯಾನ್’ನಿಂದ 2025ರ ‘ಫೆಂಟಾಸ್ಟಿಕ್ ಫೋರ್’ವರೆಗೆ 37 ಸಿನಿಮಾ. ‘ಎಂಡ್‌ಗೇಮ್’ವರೆಗಿನ 22ಕ್ಕೇ ಎರಡು ಹಗಲು, ಎರಡು ರಾತ್ರಿ ಬೇಕು.

ಒಂದು ಪಕ್ಷದ್ದು ಬಿಡುಗಡೆಯ ಕ್ರಮ. ಇನ್ನೊಂದರದ್ದು ಕಥೆಯ ಕಾಲದ ಕ್ರಮ: ಎರಡನೇ ಮಹಾಯುದ್ಧದ ಕ್ಯಾಪ್ಟನ್ ಅಮೆರಿಕ ಮೊದಲು, 1995ರಲ್ಲಿ ನಡೆಯುವ ‘ಕ್ಯಾಪ್ಟನ್ ಮಾರ್ವೆಲ್’ ಎರಡನೆಯದು, ಆಮೇಲೆ ಉಳಿದವರು. ಕೇಳಲು ಅಚ್ಚುಕಟ್ಟು, ನೋಡಲು ಸಪ್ಪೆ. 2014ರ ‘ವಿಂಟರ್ ಸೋಲ್ಜರ್’ನಲ್ಲಿ ನಿಕ್ ಫ್ಯೂರಿ, ಯಾರನ್ನೋ ನಂಬಿ ಕಣ್ಣು ಕಳೆದುಕೊಂಡೆ ಎಂದು ಗಂಭೀರವಾಗಿ ಹೇಳುತ್ತಾನೆ. ಆ ‘ಯಾರೋ’ ಬೆಕ್ಕಿನಂತೆ ಕಾಣುವ ಗೂಸ್ ಎಂಬ ಪ್ರಾಣಿ, ಕಣ್ಣು ಹೋದದ್ದು ಅದು ಪರಚಿ ಎಂದು ಬಯಲಾಗುವುದು 2019ರ ‘ಕ್ಯಾಪ್ಟನ್ ಮಾರ್ವೆಲ್’ನಲ್ಲಿ. ಐದು ವರ್ಷ ಕಾದಿದ್ದವರಿಗೆ ಅದು ನಗು. ಕಾಲಕ್ರಮದವರಿಗೆ ಬರೀ ಬೆಕ್ಕು. ನಮ್ಮ ‘ಕಾಂತಾರ’ಕ್ಕೂ ಇದೇ ಮಾತು. ಕದಂಬರ ಕಾಲದ ‘ಅಧ್ಯಾಯ 1’ ಬಂದದ್ದು 2025ರಲ್ಲಿ. ಆದರೆ ಹೊಸಬರನ್ನು ಕೂರಿಸಿ ತೋರಿಸುವಾಗ 2022ರದ್ದನ್ನೇ ಮೊದಲು ಹಾಕಬೇಕು.

ಮೊದಲ ಸಲಕ್ಕೆ ಬಿಡುಗಡೆಯ ಕ್ರಮವೇ ಸರಿ ಎಂದಾಯಿತು. ಆದರೆ ನಮ್ಮ ದಂಡು ಪ್ರದೇಶದಲ್ಲಿ ಆ ಕ್ರಮದಲ್ಲಿ ನೋಡಿದವರಾದರೂ ಎಷ್ಟು ಜನ? ಇಂಗ್ಲಿಷ್ ಸಿನಿಮಾ ಎಂದರೆ ಪ್ಲಾಜಾ, ರೆಕ್ಸ್, ಹಲಸೂರಿನ ಲಿಡೊ ಎನ್ನುತ್ತಿದ್ದ ಸೀಮೆ ಇದು. ಪ್ಲಾಜಾ ಮೆಟ್ರೊಗೆ ಜಾಗ ಬಿಟ್ಟಿತು, ಲಿಡೊ ಮಾಲ್ ಆಯಿತು, ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ‘ಇನ್ಫಿನಿಟಿ ವಾರ್’ನಲ್ಲಿ ಅರ್ಧ ಲೋಕ ಬೂದಿಯಾದ ವರ್ಷ ಅದು, ಬೂದಿಯಾದವರು ಮರಳುವ ‘ಎಂಡ್‌ಗೇಮ್’ಗೆ ಇನ್ನೂ ನಾಲ್ಕು ತಿಂಗಳಿತ್ತು. ಅದು ಭಾರತಕ್ಕೆ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಹಲಸೂರು, ಶಿವಾಜಿನಗರದ ಎಷ್ಟೋ ಮನೆಗಳಿಗೆ ಅಷ್ಟು ಸಾಕಿತ್ತು. ಕನ್ನಡವೊಂದೇ ಬಲ್ಲವರಿಗೆ ಸಾಲದು. ದಶಕಗಳ ಅಘೋಷಿತ ಡಬ್ಬಿಂಗ್ ನಿಷೇಧದ ವಿರುದ್ಧ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ಕೊಟ್ಟಿತ್ತು, 2017ರಲ್ಲಿ ಕನ್ನಡಕ್ಕೆ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂದಿತ್ತು. ಆದರೂ 2022ರ ‘ಡಾಕ್ಟರ್ ಸ್ಟ್ರೇಂಜ್’ ಕನ್ನಡ ಮಾತಾಡುವ ಹೊತ್ತಿಗೆ ಸರಣಿ 28ನೇ ಸಿನಿಮಾಕ್ಕೆ ಬಂದು ನಿಂತಿತ್ತು. ಕನ್ನಡ ಪ್ರೇಕ್ಷಕನನ್ನು ನಡುಮನೆಗೇ ತಂದು ಇಳಿಸಿದ ಹಾಗಾಯಿತು, ಹೊಸ್ತಿಲು ಎಲ್ಲಿದೆಯೆಂದು ಹೇಳದೆ.

ಮರುನೋಟಕ್ಕೆ ನಾನು ಹಿಡಿಯುವುದು ರನ್ನನ ದಾರಿ. ಹತ್ತನೇ ಶತಮಾನದ ಆ ಕವಿ ಭಾರತ ಕಥೆಯನ್ನು ಪಾಂಡವರ ಹುಟ್ಟಿನಿಂದ ಎತ್ತಿಕೊಳ್ಳಲಿಲ್ಲ. ಯುದ್ಧದ ಕೊನೆಯ ದಿನಕ್ಕೇ ನೆಗೆದ, ಅಲ್ಲಿ ನಿಂತು ಸಿಂಹಾವಲೋಕನ ಕ್ರಮದಲ್ಲಿ ಹಿಂದಕ್ಕೆ ನೋಡಿದ. ಅವನ ದುರ್ಯೋಧನ ರಣರಂಗದಲ್ಲಿ ದ್ರೋಣ, ದುಃಶಾಸನ, ಕರ್ಣರ ಹೆಣಗಳನ್ನು ದಾಟುತ್ತ ಹೋಗುತ್ತಾನೆ; ಒಂದೊಂದು ಹೆಣದ ಮುಂದೆಯೂ ಹಿಂದಿನ ಕಥೆ ಎದ್ದು ನಿಲ್ಲುತ್ತದೆ. ಕಥೆ ಮೊದಲೇ ಗೊತ್ತಿರುವ ಕೇಳುಗನಿಗೆಂದೇ ಕಟ್ಟಿದ ಕಾವ್ಯ ಅದು. ಮರುನೋಟದವನೂ ಅಂಥ ಕೇಳುಗನೇ ತಾನೆ?

ಹಾಗಾಗಿ ‘ಇನ್ಫಿನಿಟಿ ವಾರ್’, ‘ಎಂಡ್‌ಗೇಮ್’ ಮೊದಲು. ‘ಎಂಡ್‌ಗೇಮ್’ ತಾನೇ ಸಿಂಹಾವಲೋಕನ: 2012ರ ನ್ಯೂಯಾರ್ಕಿಗೆ, 2013ರ ಆಸ್ಗಾರ್ಡಿಗೆ, 2014ರ ಮೊರಾಗ್‌ಗೆ ಮರಳುತ್ತದೆ. ಅದು ಹೋದಲ್ಲಿಗೆ ನೀವೂ ಹೋಗಿ: ಮೊದಲ ‘ಅವೆಂಜರ್ಸ್’, ‘ಥಾರ್: ದ ಡಾರ್ಕ್ ವರ್ಲ್ಡ್’, ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’. ಥಾರ್‌ನ ಆ ಸಿನಿಮಾ ಸೊರಗಿದ್ದೇ, ನಿಜ. ಆದರೆ ‘ಎಂಡ್‌ಗೇಮ್’ನಲ್ಲಿ ಮಗ ತಾಯಿಯನ್ನು ಮತ್ತೆ ಕಂಡದ್ದನ್ನು ನೋಡಿ ಬಂದವರಿಗೆ ಅದರಲ್ಲಿ ಅವಳು ಸಾಯುವ ದೃಶ್ಯ ಸೊರಗಿದಂತೆ ಕಾಣದು. ‘ವಿಂಟರ್ ಸೋಲ್ಜರ್’ನ ಲಿಫ್ಟಿನ ಹೊಡೆದಾಟವನ್ನು ‘ಎಂಡ್‌ಗೇಮ್’ನ ಲಿಫ್ಟಿನ ತಮಾಷೆ ಆದ ಮೇಲೆ ನೋಡಿ, ಬೇರೆಯೇ ರುಚಿ. 2021ರ ‘ಬ್ಲ್ಯಾಕ್ ವಿಡೋ’ವನ್ನು ‘ಸಿವಿಲ್ ವಾರ್’ನ ಬೆನ್ನಿಗೇ ಇಡಿ, ಅದರ ಕಥೆ ನಡೆಯುವುದು ಅಲ್ಲಿಯೇ. ಎಲ್ಲದರ ಕೊನೆಗೆ 2008ರ ‘ಐರನ್ ಮ್ಯಾನ್’. ‘ಎಂಡ್‌ಗೇಮ್’ನ ಕಡೆಯ ಅಕ್ಷರಗಳು ಸರಿಯುವಾಗ ಕೇಳುವುದು, ಐರನ್ ಮ್ಯಾನ್ ಆದ ಟೋನಿ ಗವಿಯಲ್ಲಿ ಮೊದಲ ಕವಚ ಬಡಿದ ಸದ್ದು. ಅಲ್ಲಿಗೇ ಹೋಗಿ ಎಂದು ನಿರ್ದೇಶಕರೇ ಹೇಳಿದಂತಿದೆ.

2008ರ ‘ಇನ್ಕ್ರೆಡಿಬಲ್ ಹಲ್ಕ್’? ಬಿಟ್ಟುಬಿಡಿ. ಮುಂದೆ ನಟನೇ ಬದಲಾದ. ಹೊಸ ಹಲ್ಕ್ ನಮಗೆ ಸಿಗುವುದು ಮೊದಲ ‘ಅವೆಂಜರ್ಸ್’ನಲ್ಲಿ, ಕೋಲ್ಕತ್ತದ ಗಲ್ಲಿಯಲ್ಲಿ ಬಡವರಿಗೆ ವೈದ್ಯ ಮಾಡುತ್ತ, ಅವನ ಪರಿಚಯಕ್ಕೆ ಅದು ಧಾರಾಳ ಸಾಕು.