ಬೀಗ ಅಗ್ಗ, ಎರಡನೇ ಕೀಲಿಕೈ ಯಾರ ಹತ್ತಿರ?

ಧಾರವಾಡದಿಂದ ಬೆಳಗಾವಿಗೆ ಹೋಗುವ ಬಸ್ಸು ಕಿತ್ತೂರು ದಾಟುವಾಗ ಹೊಸಬರಿಗೆ ಪಕ್ಕದ ಸೀಟಿನವರು ತಪ್ಪದೆ ಹೇಳೋದು ಚೆನ್ನಮ್ಮನ ಕೋಟೆಯ ವಿಷಯ. ಅದೇ ಊರಿನಲ್ಲಿ 1986ರ ಜುಲೈ ತಿಂಗಳಲ್ಲಿ ನಡೆದ ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಭಾರತದವರೇ ನಕ್ಷೆ ಹಾಕಿ, ಭಾರತದವರೇ ತಯಾರಿಸಿದ 128 ಪೋರ್ಟಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊಟ್ಟಮೊದಲು ಚಾಲೂ ಆದದ್ದು ಕಿತ್ತೂರಿನಲ್ಲಿ. ತಯಾರಿಸಿದ್ದು 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ. ಸ್ಯಾಮ್ ಪಿತ್ರೋಡಾ ಮುಂದೆ ನಿಂತು ಕಟ್ಟಿದ್ದು. 36 ತಿಂಗಳು, 36 ಕೋಟಿ ರೂಪಾಯಿ ಅನ್ನೋದು ಅವರಿಗೆ ಹಾಕಿಕೊಟ್ಟ ಗಡುವು. ಈ ಎಕ್ಸ್‌ಚೇಂಜಿಗೆ ಏರ್ ಕಂಡೀಷನ್ ಬೇಡ, ಸೆಕೆ ತಡೆಯುತ್ತೆ, ಧೂಳು ತಡೆಯುತ್ತೆ. ಅಂದರೆ ನಮ್ಮ ಊರಿಗೆ ತಕ್ಕ ಯಂತ್ರ.

ಆ ದಿನ ಚೀನಾದ ಹುವಾವೇ ಕಂಪನಿ ಇನ್ನೂ ಹುಟ್ಟೇ ಇರಲಿಲ್ಲ. ಅದು ಶೆನ್‌ಝೆನ್ ಪಟ್ಟಣದಲ್ಲಿ ಬಾಗಿಲು ತೆರೆದದ್ದು 1987ರಲ್ಲಿ. ಅದೂ ಹಾಂಗ್‌ಕಾಂಗಿನಿಂದ ಚಿಕ್ಕ ಎಕ್ಸ್‌ಚೇಂಜುಗಳನ್ನು ತಂದು ಮಾರುವ ಅಂಗಡಿಯಾಗಿ.

ಈಗ ಲೆಕ್ಕದ ಪುಸ್ತಕದ ಇನ್ನೊಂದು ಹಾಳೆ ನೋಡಿ. 2020ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಬಿಎಸ್‌ಎನ್‌ಎಲ್ ಮೊಬೈಲ್ ಜಾಲದ ಸಾಮಾನಿನಲ್ಲಿ ನೂರಕ್ಕೆ 44 ಭಾಗ ಝಡ್‌ಟಿಇ ಕಂಪನಿಯದು, 9 ಭಾಗ ಹುವಾವೇಯದು. ಎರಡೂ ಚೀನಾದವು. ಸರ್ಕಾರದ ಸ್ವಂತ ಫೋನ್ ಕಂಪನಿಯಲ್ಲೇ ಅರ್ಧಕ್ಕಿಂತ ಹೆಚ್ಚು ಸಾಮಾನು ಗಡಿಯಾಚೆಯ ನೆರೆಯವನದ್ದು! ಅದೇ ವರ್ಷ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಸತ್ತಿದ್ದರು. ದಿಲ್ಲಿಗೆ ಎಚ್ಚರವಾದದ್ದು ಆಗಲೇ ಎಂದರೆ ಪೂರ್ತಿ ಸರಿಯಲ್ಲ, ಆದರೆ ಹಾಸಿಗೆ ಬಿಟ್ಟು ಎದ್ದದ್ದು ಆಗಲೇ.

ಕಾಣುವ ಯಂತ್ರ, ಕಾಣದ ಯಂತ್ರ

ಹೊರದೇಶದ ಟೆಲಿಫೋನ್ ಸಾಮಾನು ನಮಗೆ ಹೊಸದೇನಲ್ಲ. ಬೆಂಗಳೂರಿನ ದೂರವಾಣಿನಗರದ ಐಟಿಐ 1948ರಲ್ಲಿ ಶುರುವಾಯಿತು, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಅಲ್ಲಿ ಮೊದಲು ತಯಾರಾದದ್ದು ಇಂಗ್ಲೆಂಡಿನವರ ಸ್ಟ್ರೌಜರ್, ಆಮೇಲೆ ಬೆಲ್ಜಿಯಂನವರ ಕ್ರಾಸ್‌ಬಾರ್. 1980ರ ದಶಕದಲ್ಲಿ ಫ್ರಾನ್ಸಿನ ಅಲ್ಕಾಟೆಲ್ ವಿನ್ಯಾಸ ತಂದು ಉತ್ತರ ಪ್ರದೇಶದ ಮಂಕಾಪುರದಲ್ಲಿ ಕಾರ್ಖಾನೆ ಹಾಕಿದರು. ಜೋಡಿಸೋ ಕೈ ಇಲ್ಲಿಯದು, ನಕ್ಷೆ ಹಾಕಿದ ತಲೆ ಅಲ್ಲಿಯದು. ಬೆಲ್ಜಿಯಂನ ಯಂತ್ರವಂತೂ ನಮ್ಮ ಜನ ಮಾತಾಡುವ ಭರಾಟೆಗೆ ಸುಸ್ತಾಗಿ ಕೈಕೊಡುತ್ತಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ, ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಎಂದು ದುಡ್ಡು ಎಣಿಸಿ ಕಾದವರಿಗೆ ಅದು ಗೊತ್ತು.

ಆದರೂ ಆಗಿನ ಚಿಂತೆ ಬಿಡಿಭಾಗದ್ದು, ಬೇಹುಗಾರಿಕೆಯದ್ದಲ್ಲ. ಯಾಕೆ ಅಂದರೆ ಸ್ಟ್ರೌಜರ್ ಎಕ್ಸ್‌ಚೇಂಜಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುವಂಥದ್ದು. ನಂಬರು ತಿರುಗಿಸಿದರೆ ಟಕಟಕ ಎಂದು ಕಬ್ಬಿಣದ ಕೈ ಮೇಲೇರುತ್ತೆ, ಪಕ್ಕಕ್ಕೆ ತಿರುಗುತ್ತೆ. ಕಳ್ಳತನದಲ್ಲಿ ಒಂದು ತಂತಿ ಎಳೆದಿದ್ದರೆ ಲೈನ್‌ಮನ್ ಕೈಗೆ ಸಿಕ್ಕೇ ಸಿಗುತ್ತಿತ್ತು.

ಈಗಿನದು ಹಾಗಲ್ಲ. ಈಗಿನ ಮೊಬೈಲ್ ಟವರಿನ ಪೆಟ್ಟಿಗೆಯಲ್ಲಿ ಕಬ್ಬಿಣ ಕಮ್ಮಿ, ಸಾಫ್ಟ್‌ವೇರ್ ಜಾಸ್ತಿ. ಲಕ್ಷಗಟ್ಟಲೆ ಸಾಲಿನ ಬರವಣಿಗೆ. ಅದನ್ನು ಬರೆದವನಿಗೇ ಪೂರ್ತಿ ನೆನಪಿರೋಲ್ಲ, ಕೊಂಡವನಿಗೆ ಎಲ್ಲಿಂದ ತಿಳಿಯಬೇಕು? ಸಾಲದ್ದಕ್ಕೆ ಅದನ್ನು ಆಗಾಗ ಬದಲಿಸುತ್ತಾ ಇರಬೇಕು. ಕೆಟ್ಟರೆ ತಯಾರಕರ ಕಡೆಯವರೇ ದೂರದಲ್ಲಿ ಕೂತು ಒಳಗೆ ಹೊಕ್ಕು ರಿಪೇರಿ ಮಾಡುತ್ತಾರೆ. ಇಂದು ಪರೀಕ್ಷೆ ಮಾಡಿ ಸಾಚಾ ಅಂತ ಸೀಲು ಹೊಡೆದ ಪೆಟ್ಟಿಗೆ, ನಾಳೆ ರಾತ್ರಿ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಅದೇ ಪೆಟ್ಟಿಗೆಯೇ?

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಟರಿಗೆ ಅಗ್ಗದ ಬೀಗ ಸಿಕ್ಕಿತು. ಬೀಗ ಗಟ್ಟಿಯಾಗೇ ಇದೆ. ಆದರೆ ಇನ್ನೊಂದು ಕೀಲಿಕೈ ಬೀಗ ಮಾರಿದವನ ಜೇಬಿನಲ್ಲಿದೆ. ಅವನು ಕಳ್ಳ ಅಂತಲ್ಲ. ಅವನ ಊರಿನ ದೊರೆ ಬಂದು "ಕೊಡೋ ಆ ಕೀಲಿ" ಅಂದರೆ ಇಲ್ಲ ಅನ್ನೋಕೆ ಅವನಿಗೆ ಆಗುತ್ತಾ? ಚೀನಾ 2017ರಲ್ಲಿ ಮಾಡಿದ ಗುಪ್ತಚರ ಕಾನೂನು, ದೇಶದ ಯಾವುದೇ ಸಂಸ್ಥೆ ಗುಪ್ತಚರ ಕೆಲಸಕ್ಕೆ ಸಹಕರಿಸಲೇಬೇಕು ಅನ್ನುತ್ತದೆ. ಹುವಾವೇಯವರು "ನಾವು ಖಾಸಗಿ ಕಂಪನಿ, ಅಂಥ ಕೆಲಸ ಮಾಡಿಲ್ಲ, ಮಾಡೋದೂ ಇಲ್ಲ" ಅಂತ ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ.

ಅಥೆನ್ಸ್‌ನಲ್ಲಿ ಕದ್ದು ಕೇಳಿದವರು

ಇಷ್ಟಕ್ಕೂ ಈ ಭಯ ಬರೀ ಊಹೆಯೇ? ಅಲ್ಲ ಅನ್ನೋದಕ್ಕೆ ಗ್ರೀಸ್ ದೇಶದ ಕಥೆ ಸಾಕು. ಮಜಾ ಅಂದರೆ ಅದರಲ್ಲಿ ಚೀನಾದ ಹೆಸರೇ ಇಲ್ಲ.

2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್. ಅಲ್ಲಿನ ವೊಡಾಫೋನ್ ಕಂಪನಿಯ ಎಕ್ಸ್‌ಚೇಂಜುಗಳು ಸ್ವೀಡನ್ನಿನ ಎರಿಕ್ಸನ್ ತಯಾರಿಸಿದ್ದವು. ಪೊಲೀಸರು ಕಾನೂನು ಪ್ರಕಾರ ಕೇಳಿದಾಗ ಯಾರದಾದರೂ ಮಾತು ಆಲಿಸಲು ಅನುಕೂಲವಾಗುವ ಒಂದು ವ್ಯವಸ್ಥೆ ಈಗಿನ ಎಲ್ಲ ಎಕ್ಸ್‌ಚೇಂಜುಗಳಲ್ಲೂ ಇರುತ್ತದೆ. ಗ್ರೀಸಿನ ವೊಡಾಫೋನ್ ಅದನ್ನು ಕೊಂಡಿರಲೇ ಇಲ್ಲ. ಆದರೂ ಸಾಫ್ಟ್‌ವೇರ್ ಒಳಗೆ ಅದು ನಿದ್ದೆ ಹೊಡೆಯುತ್ತಾ ಬಿದ್ದಿತ್ತು. ಯಾರೋ ಒಳಗೆ ಹೊಕ್ಕು, ಅದನ್ನು ಎಬ್ಬಿಸಿ, ಕೆಲಸಕ್ಕೆ ಹಚ್ಚಿ, ತಮ್ಮ ಹೆಜ್ಜೆಗುರುತು ಅಳಿಸಿಹಾಕಿದರು. ಪ್ರಧಾನಿ ಕೋಸ್ತಾಸ್ ಕರಮನ್ಲಿಸ್, ಮಂತ್ರಿಗಳು, ಅಧಿಕಾರಿಗಳು ಸೇರಿ ನೂರಕ್ಕೂ ಹೆಚ್ಚು ಜನರ ಫೋನಿನ ಮಾತು ತಿಂಗಳುಗಟ್ಟಲೆ ಬೇರೆ ಮೊಬೈಲುಗಳಿಗೆ ಹರಿಯಿತು.

ಸಿಕ್ಕಿಬಿದ್ದದ್ದು ಹೇಗೆ? ಯಾವ ಪತ್ತೇದಾರನೂ ಹಿಡಿಯಲಿಲ್ಲ. 2005ರ ಆರಂಭದಲ್ಲಿ ಕೆಲವು ಗಿರಾಕಿಗಳ ಮೆಸೇಜು ಹೋಗುತ್ತಿಲ್ಲ ಎಂಬ ದೂರು ಬಂತು. ಅದನ್ನು ಹುಡುಕುತ್ತಾ ಹೋದ ಎರಿಕ್ಸನ್ ಇಂಜಿನಿಯರುಗಳ ಕೈಗೆ ಈ ಕಳ್ಳ ಸಾಫ್ಟ್‌ವೇರ್ ಸಿಕ್ಕಿತು. ಊರಿಗೆಲ್ಲ ಸುದ್ದಿ ಗೊತ್ತಾದದ್ದು 2006ರ ಫೆಬ್ರವರಿಯಲ್ಲಿ. 2015ರಲ್ಲಿ ಗ್ರೀಸಿನ ನ್ಯಾಯಾಂಗ ಅಮೆರಿಕದ ಗುಪ್ತಚರ ಸಂಸ್ಥೆಯ ಅಧಿಕಾರಿಯೊಬ್ಬರ ಮೇಲೆ ವಾರಂಟ್ ಹೊರಡಿಸಿತು.

ಸ್ವಿಟ್ಜರ್ಲೆಂಡಿನ ಕ್ರಿಪ್ಟೋ ಎಜಿ ಕಥೆ ಇನ್ನೂ ಹಳೆಯದು. ಸರ್ಕಾರಗಳು ರಹಸ್ಯ ಸಂದೇಶ ಕಳಿಸಲು ಬಳಸುವ ಯಂತ್ರ ಮಾರುತ್ತಿದ್ದ ಕಂಪನಿ ಅದು. ತಟಸ್ಥ ದೇಶ, ಮರ್ಯಾದಸ್ಥ ಕಂಪನಿ ಅಂತ ಎಲ್ಲರೂ ಕೊಂಡರು. ಗಿರಾಕಿಗಳಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. 1970ರಿಂದ ಅದರ ನಿಜವಾದ ಮಾಲೀಕರು ಅಮೆರಿಕ ಮತ್ತು ಪಶ್ಚಿಮ ಜರ್ಮನಿಯ ಗುಪ್ತಚರ ಸಂಸ್ಥೆಗಳು ಎಂಬುದು ಬಯಲಾದದ್ದು 2020ರಲ್ಲಿ. ಐವತ್ತು ವರ್ಷ ಗಿರಾಕಿಯ ದುಡ್ಡಿನಲ್ಲೇ ಗಿರಾಕಿಯ ಗುಟ್ಟು ಓದಿದರು!

ಆದ್ದರಿಂದ ಚೀನಾ ಸಾಮಾನು ತೆಗೆದು ಬೇರೆ ದೇಶದ್ದು ಹಾಕಿದರೆ ಮುಗಿಯಿತು ಅನ್ನುವವರ ಮಾತು ಅರ್ಧ ಮಾತ್ರ ನಿಜ. ಅಮೆರಿಕದವರು ತಮ್ಮ ಹಳ್ಳಿಗಾಡಿನ ಫೋನ್ ಕಂಪನಿಗಳಿಂದ ಚೀನಾ ಪೆಟ್ಟಿಗೆ ಕೀಳಿಸಲು ಮೊದಲು 190 ಕೋಟಿ ಡಾಲರ್ ತೆಗೆದಿಟ್ಟರು. ಸಾಲದೆ 2024ರ ಡಿಸೆಂಬರಿನಲ್ಲಿ ಇನ್ನೂ 300 ಕೋಟಿಗೆ ಮಿಕ್ಕಿ ಕೊಟ್ಟರು. ಅದೇ 2024ರಲ್ಲಿ, ಚೀನಾ ಪರ ಎಂದು ಅಮೆರಿಕ ಹೇಳುವ ಹ್ಯಾಕರುಗಳು ಅಲ್ಲಿನ ದೊಡ್ಡ ಫೋನ್ ಕಂಪನಿಗಳೊಳಗೇ ನುಗ್ಗಿದ್ದು ಹೊರಬಿತ್ತು. ಅದಕ್ಕೆ ಚೀನಾದ ಪೆಟ್ಟಿಗೆ ಬೇಕಾಗಲಿಲ್ಲ. ಬೀಗ ಸ್ವದೇಶಿಯಾದರೂ ಬಾಗಿಲು ತೆರೆದಿಟ್ಟರೆ ಕಥೆ ಅಷ್ಟೇ.

ಬ್ರಿಟನ್ನಿನವರು ಇನ್ನೊಂದು ದಾರಿ ಹಿಡಿದು ನೋಡಿದರು. 2010ರಲ್ಲಿ ಬ್ಯಾನ್‌ಬರಿ ಎಂಬ ಊರಲ್ಲಿ ಒಂದು ಕೇಂದ್ರ ತೆರೆದು, ಹುವಾವೇಯ ಸಾಫ್ಟ್‌ವೇರನ್ನು ಸಾಲು ಸಾಲಾಗಿ ಪರೀಕ್ಷಿಸಿದರು. ಕಳ್ಳ ಬಾಗಿಲು ಸಿಕ್ಕಿತು ಅಂತ ಅವರು ಹೇಳಲಿಲ್ಲ. ಆದರೆ ಕೆಲಸ ಅಚ್ಚುಕಟ್ಟಿಲ್ಲ, ತೂತುಗಳು ಬಹಳ, ಭರವಸೆ ಕೊಡಲಾರೆವು ಅಂತ 2019ರಲ್ಲಿ ಕಡ್ಡಿ ಮುರಿದ ಹಾಗೆ ಬರೆದರು. ಮರುವರ್ಷ 5ಜಿ ಜಾಲದಿಂದ ಹುವಾವೇ ಸಾಮಾನನ್ನು 2027ರೊಳಗೆ ಪೂರ್ತಿ ತೆಗೆಯಬೇಕು ಎಂದು ಅಲ್ಲಿನ ಸರ್ಕಾರ ತೀರ್ಮಾನಿಸಿತು.

ಕಾದವರು ಯಾರು?

ನಮ್ಮಲ್ಲಿ ಏನಾಯಿತು? ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 2009ರ ಕೊನೆ, 2010ರ ಹೊತ್ತಿಗೇ ಚೀನಾ ಸಾಮಾನಿಗೆ ದಿಲ್ಲಿ ತಡೆ ಹಾಕಿತು. ಕಂಪನಿಗಳು ಗಲಾಟೆ ಮಾಡಿದವು. ಅಗ್ಗದ ಸಾಮಾನು ನಿಂತರೆ ಕಾಲ್ ರೇಟು ಏರುತ್ತೆ ಅನ್ನೋ ವಾದವೂ ಬಂತು. 2011ರಲ್ಲಿ ನಿಯಮ ಬದಲಾಯಿತು: ಸಾಮಾನು ಎಲ್ಲಿಂದಾದರೂ ತನ್ನಿ, ನಿಮ್ಮ ಉದಾಸೀನದಿಂದ ಭದ್ರತೆಗೆ ಧಕ್ಕೆ ಬಂದರೆ 50 ಕೋಟಿ ರೂಪಾಯಿವರೆಗೆ ದಂಡ. ಸಾಮಾನು ಬರುತ್ತಲೇ ಹೋಯಿತು. ಬಿಎಸ್‌ಎನ್‌ಎಲ್ ಜಾಲಕ್ಕೆ ಹುವಾವೇ ನುಗ್ಗಿದ ಆರೋಪ ಬಂದಿದೆ, ವಿಚಾರಣೆ ನಡೆದಿದೆ ಎಂದು 2014ರ ಫೆಬ್ರವರಿಯಲ್ಲಿ ಸರ್ಕಾರವೇ ಲೋಕಸಭೆಗೆ ಹೇಳಿತ್ತು. ಹುವಾವೇ ಅಲ್ಲಗಳೆದಿತ್ತು. ಆರು ವರ್ಷದ ಮೇಲೆ ನೋಡಿದರೆ ಮೇಲೆ ಹೇಳಿದ 44ರ, 9ರ ಲೆಕ್ಕ.

ಗಾಲ್ವಾನ್ ಆದ ಎರಡೇ ವಾರಕ್ಕೆ, 2020ರ ಜುಲೈ 1ರಂದು ಬಿಎಸ್‌ಎನ್‌ಎಲ್ ತನ್ನ 4ಜಿ ಟೆಂಡರನ್ನು ರದ್ದು ಮಾಡಿತು. ಇನ್ನು ಮೇಲೆ ಸ್ವದೇಶಿಯೇ ಎಂಬ ಅಪ್ಪಣೆ. ತಪ್ಪಲ್ಲ. ಆದರೆ ಅಪ್ಪಣೆ ಬಂದ ದಿನ ಸ್ವದೇಶಿ 4ಜಿ ಪೆಟ್ಟಿಗೆ ಗೋದಾಮಿನಲ್ಲಿ ತಯಾರಿರಲಿಲ್ಲ. ಟಿಸಿಎಸ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ಕಿತ್ತೂರಿನ ಎಕ್ಸ್‌ಚೇಂಜು ಮಾಡಿದ ಅದೇ ಸಿ-ಡಾಟ್ ಸೇರಿ ಅದನ್ನು ಕಟ್ಟಿ, ಪರೀಕ್ಷಿಸಿ, ಟವರಿಗೆ ಏರಿಸಿ, ಪ್ರಧಾನಿ ಮೋದಿ 97,500ಕ್ಕೂ ಹೆಚ್ಚು ಟವರುಗಳನ್ನು ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ರಂದು, ಒಡಿಶಾದ ಝಾರ್ಸುಗುಡದಲ್ಲಿ. ಐದು ವರ್ಷ! ಇಂಥ ಪೂರ್ತಿ ಜಾಲ ಸ್ವಂತವಾಗಿ ಮಾಡಬಲ್ಲ ದೇಶಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಅದು ಹೆಮ್ಮೆಯ ಮಾತೇ. ಒಳಗಿನ ಚಿಪ್ಪುಗಳು ಬಹುಮಟ್ಟಿಗೆ ಹೊರಗಿನವೇ ಅನ್ನೋದೂ ನಿಜವೇ.

ಈ ಐದು ವರ್ಷ ಕಾದವರು ಯಾರು? ಬಿಎಸ್‌ಎನ್‌ಎಲ್ ಸಿಮ್ ಬಿಡದ ಗಿರಾಕಿಗಳು. ಜಿಯೋ 2016ರಲ್ಲೇ 4ಜಿ ತಂದಿತ್ತು. ಪಕ್ಕದ ಅಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಫೋನು ತೋರಿಸಿದರೆ ದುಡ್ಡು ಬಂದದ್ದೇ ತಡ ಡಬ್ಬಿ ಕೂಗುತ್ತಿತ್ತು. ಬಿಎಸ್‌ಎನ್‌ಎಲ್ ಹಿಡಿದವರು 3ಜಿಯ ಸುತ್ತುವ ಚಕ್ರ ನೋಡುತ್ತಾ "ಇನ್ನೊಂಚೂರು ಇರ್ರೀ, ಹೋಗ್ತಾ ಐತಿ" ಅನ್ನಬೇಕಾಗುತ್ತಿತ್ತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ರೇಟು ಏರಿಸಿದಾಗ ಲಕ್ಷಗಟ್ಟಲೆ ಜನ ಬಿಎಸ್‌ಎನ್‌ಎಲ್‌ಗೆ ವಾಪಸು ಬಂದರು. ಆಗಲೂ ಬಹಳ ಕಡೆ 4ಜಿ ಇರಲಿಲ್ಲ.

ಖಾಸಗಿಯವರಿಗೆ ಯಾವ ನಿಯಮ? 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಒಪ್ಪಿದ ನಿರ್ದೇಶನ 2021ರ ಜೂನ್ 15ರಿಂದ ಜಾರಿಗೆ ಬಂತು. ಅಂದಿನಿಂದ ಫೋನ್ ಕಂಪನಿಗಳು ಹೊಸ ಸಾಮಾನನ್ನು ಸರ್ಕಾರ ನಂಬಿಕಸ್ಥ ಎಂದು ಒಪ್ಪಿದ ಮೂಲದಿಂದಲೇ ತರಬೇಕು. ಆ ವರ್ಷದ 5ಜಿ ಪ್ರಯೋಗದ ಪಟ್ಟಿಯಲ್ಲಿ ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್, ಸಿ-ಡಾಟ್ ಇದ್ದವು. ಹುವಾವೇ, ಝಡ್‌ಟಿಇ ಇರಲಿಲ್ಲ. ಆದರೆ ಅದೇ ನಿರ್ದೇಶನದಲ್ಲಿ ಇನ್ನೊಂದು ಸಾಲಿದೆ: ಆಗಲೇ ಹಾಕಿಯಾಗಿರುವ ಸಾಮಾನನ್ನು ತೆಗೆಯಬೇಕು ಅಂತೇನಿಲ್ಲ. ಹಳೇ ಪೆಟ್ಟಿಗೆಯ ವಾರ್ಷಿಕ ನಿರ್ವಹಣೆಯ ಕರಾರೂ ನಡೆಯಬಹುದು. ಹೊಸ ಪೆಟ್ಟಿಗೆ ಅಪಾಯ, ಹಳೆಯದಕ್ಕೆ ರಿಯಾಯಿತಿ! ಕೀಳಿಸಿದರೆ ದುಡ್ಡು ಕೊಡೋರು ಯಾರು ಅನ್ನೋ ಪ್ರಶ್ನೆ ಏಳುತ್ತೆ. ಅಮೆರಿಕ ಖಜಾನೆಯಿಂದ ಕೊಟ್ಟಿತು, ಬ್ರಿಟನ್ ಕಂಪನಿಗಳ ತಲೆಗೆ ಕಟ್ಟಿತು. ದಿಲ್ಲಿ ಆ ಪ್ರಶ್ನೆಯನ್ನೇ ಎತ್ತಲಿಲ್ಲ.

ಪರೀಕ್ಷೆಯ ಏರ್ಪಾಟು ಮಾತ್ರ ಈಗ ಇದೆ. ದೂರಸಂಪರ್ಕ ಸಾಮಾನಿನ ಭದ್ರತೆಗೆ ಮಾನದಂಡ ಬರೆಯುವ ರಾಷ್ಟ್ರೀಯ ಕೇಂದ್ರ ಇರೋದು ಬೆಂಗಳೂರಿನಲ್ಲೇ. ಇದೇ ಬೆಂಗಳೂರಿನಲ್ಲಿ ಹುವಾವೇ 1999ರಲ್ಲಿ ತನ್ನ ಸಂಶೋಧನಾ ಕೇಂದ್ರ ತೆರೆದು ಸಾವಿರಾರು ಇಂಜಿನಿಯರುಗಳಿಗೆ ಸಂಬಳ ಕೊಟ್ಟಿತ್ತು. ಅಂದರೆ ಆ ಬೀಗ ತಯಾರಿಸುವ ಕೆಲಸದಲ್ಲಿ ಕನ್ನಡ ನಾಡಿನ ಹುಡುಗರ ಕೈಯೂ ಇತ್ತು.

ಅಂಗಡಿಯವರಿಗೆ ನೇರವಾಗಿ ತಟ್ಟುವ ಸಂಗತಿ ಟವರಿಗಿಂತ ಕೆಳಗೆ, ಗಲ್ಲಾಪೆಟ್ಟಿಗೆಯ ಮೇಲಿನ ಮೂಲೆಯಲ್ಲಿದೆ. ಸಿಸಿಟಿವಿ ಕ್ಯಾಮೆರಾ. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶ ಒಂದು ವರ್ಷದ ಮೇಲೆ, 2025ರ ಏಪ್ರಿಲ್ 9ರಿಂದ ಜಾರಿಗೆ ಬಂತು: ಇಂಟರ್‌ನೆಟ್ಟಿಗೆ ಸೇರುವ ಕ್ಯಾಮೆರಾವನ್ನು ಭದ್ರತಾ ಪರೀಕ್ಷೆ ಆಗದೆ ಮಾರುವಂತಿಲ್ಲ. ಕಾರಣ ಅದೇ. ಕ್ಯಾಮೆರಾ ನೋಡಿದ್ದನ್ನು ಎಲ್ಲಿಗೆ ಕಳಿಸುತ್ತೆ, ಅದರೊಳಗೆ ಯಾರು ಹೊಕ್ಕು ನೋಡಬಹುದು ಅನ್ನೋದು ಗೋಡೆಗೆ ಮೊಳೆ ಹೊಡೆದವನಿಗೂ ತಿಳಿಯೋಲ್ಲ. ಪರೀಕ್ಷೆಯ ಖರ್ಚು ಸೇರಿ ಕ್ಯಾಮೆರಾದ ಬೆಲೆ ಏರುತ್ತೆ ಎಂದು ಮಾರಾಟಗಾರರು ಗೊಣಗಿದ್ದೂ ಆಯಿತು. ಅದಕ್ಕೆ ಮೊದಲೇ ಗೋಡೆ ಹತ್ತಿದ ಕ್ಯಾಮೆರಾಗಳು, ಟವರಿನ ಹಳೇ ಪೆಟ್ಟಿಗೆಗಳಂತೆಯೇ, ಇದ್ದಲ್ಲೇ ಇವೆ. ಎಷ್ಟೋ ಅಂಗಡಿಗಳಲ್ಲಿ ಅವಕ್ಕೆ ಇಟ್ಟ ಪಾಸ್‌ವರ್ಡ್ ಇಂದಿಗೂ ಡಬ್ಬದಲ್ಲಿ ಬಂದ ಅದೇ ಮೊದಲಿನ ಪಾಸ್‌ವರ್ಡ್. ಅದನ್ನು ಬದಲಿಸೋಕೆ ದಿಲ್ಲಿಯ ಆದೇಶ ಬೇಕಿಲ್ಲ, ಕ್ಯಾಮೆರಾ ಹಾಕಿಕೊಟ್ಟ ಹುಡುಗನನ್ನು ಕರೆಸಿದರೆ ಹತ್ತು ನಿಮಿಷದ ಕೆಲಸ.