ನೆಲದೊಳಗಿನ ಕೆಂಡ

ಬೆಂಕಿ ಎಂದೊಡನೆ ನಮ್ಮ ಮನಸ್ಸಿಗೆ ತೋರುವುದು ಮೇಲೇಳುವ ಜ್ವಾಲೆ. ಬಣವೆಗೆ ಬೆಂಕಿ ಬಿದ್ದರೆ ಊರಿಗೆ ಊರೇ ಕೊಡ ಹಿಡಿದು ಓಡಿಬರುತ್ತದೆ. ಕೆಲವೇ ತಾಸುಗಳಲ್ಲಿ ಬೆಂಕಿಯಾದರೂ ಆರುತ್ತದೆ, ಇಲ್ಲವೆ ಬಣವೆಯಾದರೂ ಬೂದಿಯಾಗುತ್ತದೆ. ಆದರೆ ಜ್ವಾಲೆಯನ್ನು ತೋರದೆ, ಸದ್ದು ಮಾಡದೆ, ತಿಂಗಳುಗಟ್ಟಲೆ ಒಳಗೊಳಗೇ ಉರಿಯುವ ಇನ್ನೊಂದು ಬಗೆಯ ಬೆಂಕಿಯುಂಟು. ಗಿಡಮರಗಳ ಕಸವನ್ನು ಗುಡ್ಡೆಯಾಗಿ ಸುರಿದು ಹೂಳಿದ ಜಾಗಗಳಲ್ಲಿ ಅದು ಹುಟ್ಟುತ್ತದೆ. ಇಂತಹ ಬೆಂಕಿಯನ್ನು ಆರಿಸುವುದು ಬಹು ಕಷ್ಟದ ಕೆಲಸ. ಅದು ಏಕೆ ಕಷ್ಟ, ಯಾವ ಕ್ರಮದಿಂದ ಅದನ್ನು ಆರಿಸಬಹುದು ಎಂಬುದನ್ನು ಇಲ್ಲಿ ನೋಡೋಣ.

ಬೆಂಕಿಪೆಟ್ಟಿಗೆ ಮನೆಮನೆಗೂ ಬಾರದಿದ್ದ ಕಾಲದಲ್ಲಿ ನಮ್ಮ ಹಿರಿಯರು ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಗಳನ್ನು ಒಟ್ಟುಗೂಡಿಸಿ ಅವುಗಳ ಮೇಲೆ ಬೂದಿ ಮುಚ್ಚುತ್ತಿದ್ದರು. ಬೆಳಗ್ಗೆ ಬೂದಿ ಕೆದಕಿ ಊದಿದರೆ ಕೆಂಡ ಮತ್ತೆ ಕೆಂಪಗಾಗುತ್ತಿತ್ತು. ಬೂದಿ ಅಲ್ಲಿ ಎರಡು ಕೆಲಸ ಮಾಡುತ್ತಿತ್ತು. ಕೆಂಡಕ್ಕೆ ಗಾಳಿ ಹೆಚ್ಚು ತಾಗದಂತೆ ತಡೆದು ಅದು ಬೇಗನೆ ಉರಿದುಹೋಗದಂತೆ ಕಾಯುವುದು ಒಂದು. ಕೆಂಡದ ಬಿಸಿ ಹೊರಗೆ ಹೋಗದಂತೆ ಹಿಡಿದಿಡುವುದು ಇನ್ನೊಂದು. ಅಂದರೆ ಬೂದಿ ಬೆಂಕಿಯನ್ನು ಆರಿಸುತ್ತಿರಲಿಲ್ಲ, ಕಾಪಾಡುತ್ತಿತ್ತು. ‘ಬೂದಿ ಮುಚ್ಚಿದ ಕೆಂಡ’ ಎಂಬ ನುಡಿ ನಮ್ಮಲ್ಲಿ ಬಳಕೆಗೆ ಬಂದದ್ದು ಸುಮ್ಮನೆ ಅಲ್ಲ. ಕಸದ ಗುಡ್ಡೆಯ ಬೆಂಕಿಯ ಗುಟ್ಟೆಲ್ಲವೂ ಈ ಒಂದು ನುಡಿಯಲ್ಲಿ ಅಡಗಿದೆ.

ಕಾನಹೊಸಹಳ್ಳಿಯ ಸುತ್ತಣ ಸೀಮೆಯನ್ನೇ ತೆಗೆದುಕೊಳ್ಳಿರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಈ ನಾಡಿನಲ್ಲಿ ಬೆಳೆಯ ಕಸಕ್ಕೆ ಬರವಿಲ್ಲ. ಮೆಕ್ಕೆಜೋಳದ ದಂಟು, ಶೇಂಗಾ ಹೊಟ್ಟು, ಕಬ್ಬಿನ ರವದಿ, ಸಂತೆಯಲ್ಲಿ ಉಳಿದ ಸೊಪ್ಪು, ರಸ್ತೆಯ ಬದಿಯಲ್ಲಿ ಕಡಿದ ಮರದ ಕೊಂಬೆ, ಜಾಲಿಯ ಮುಳ್ಳು ಇವೆಲ್ಲವೂ ಆ ಕಸದಲ್ಲಿ ಸೇರುತ್ತವೆ. ಹಿಂದೆ ಇವುಗಳಲ್ಲಿ ಹೆಚ್ಚಿನ ಪಾಲು ದನಗಳ ಬಾಯಿಗೆ, ಒಲೆಗೆ, ತಿಪ್ಪೆಗೆ ಸಲ್ಲುತ್ತಿತ್ತು. ಊರುಗಳು ಬೆಳೆದು ಪಟ್ಟಣಗಳಾದಂತೆ, ದನಗಳು ಕಡಿಮೆಯಾದಂತೆ, ಇಂತಹ ಕಸ ಊರ ಹೊರಗಿನ ಹಳ್ಳಕ್ಕೋ ಹಳೆಯ ಕ್ವಾರಿಗೋ ಹೋಗಿ ಬೀಳತೊಡಗುತ್ತದೆ. ಸೊಪ್ಪುಸದೆಯಿಂದ ಯಾರಿಗೂ ಕೇಡಿಲ್ಲ ಎಂಬ ಭಾವನೆ ಜನರಲ್ಲಿ ಇರುವುದರಿಂದ ಗುಡ್ಡೆ ಬೆಳೆಯುವುದನ್ನು ಯಾರೂ ಗಮನಿಸುವುದಿಲ್ಲ.

ಈ ಗುಡ್ಡೆಗೆ ಬೆಂಕಿ ಹಚ್ಚುವವರೇ ಬೇಕೆಂದಿಲ್ಲ. ಚಳಿಗಾಲದ ಮುಂಜಾನೆ ತಿಪ್ಪೆಯನ್ನು ಕೆದಕಿದಾಗ ಹಬೆ ಏಳುವುದನ್ನು ಹಳ್ಳಿಯ ಮಕ್ಕಳೆಲ್ಲರೂ ಕಂಡಿರುತ್ತಾರೆ. ಹಸಿಯಾದ ಕಸವನ್ನು ತಿನ್ನುವ ಸೂಕ್ಷ್ಮಜೀವಿಗಳು ಉಸಿರಾಡುವಾಗ ಹುಟ್ಟುವ ಬಿಸಿ ಅದು. ತಿಪ್ಪೆ ಚಿಕ್ಕದಾಗಿದ್ದರೆ ಬಿಸಿ ಹೊರಗೆ ಹರಿದುಹೋಗುತ್ತದೆ. ಗುಡ್ಡೆ ದೊಡ್ಡದಾದಾಗ ನಡುವಿನ ಬಿಸಿಗೆ ಹೊರಗೆ ಬರಲು ದಾರಿಯಿರುವುದಿಲ್ಲ. ಏಕೆಂದರೆ ಎಲೆ, ತೊಗಟೆ, ಹೊಟ್ಟುಗಳು ಉಷ್ಣವನ್ನು ಸುಲಭವಾಗಿ ಸಾಗಿಸುವ ವಸ್ತುಗಳಲ್ಲ. ಒಳಗಿನ ಉಷ್ಣತೆ 60–70 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಸಾಯುತ್ತವೆ. ಆದರೆ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಬಿಸಿಯಾದ ಕಸ ಗಾಳಿಯ ಆಮ್ಲಜನಕದೊಡನೆ ನೇರವಾಗಿ ಸೇರಲು ಆರಂಭಿಸುತ್ತದೆ. ಅದರಿಂದ ಇನ್ನಷ್ಟು ಬಿಸಿ ಹುಟ್ಟುತ್ತದೆ. ಆ ಬಿಸಿಯಿಂದ ಕೂಡಿಕೆ ಇನ್ನಷ್ಟು ಚುರುಕಾಗುತ್ತದೆ. ಹೀಗೆ ದಿನಗಳು, ವಾರಗಳು ಕಳೆಯುವಷ್ಟರಲ್ಲಿ ಗುಡ್ಡೆಯ ಒಡಲಿನಲ್ಲಿ ಕೆಂಡ ಹುಟ್ಟಿರುತ್ತದೆ. ಸರಿಯಾಗಿ ಒಣಗದ ಮೇವನ್ನು ಬಣವೆ ಒಟ್ಟಬಾರದು ಎಂದು ಅನುಭವಿ ರೈತರು ಹೇಳುವುದಕ್ಕೆ ಕಾರಣವೂ ಇದೇ. ಇನ್ನು ಕೆಲವು ಸಲ ಬೆಂಕಿ ಹೊರಗಿನಿಂದಲೇ ಬರುವುದುಂಟು. ಯಾರೋ ಎಸೆದ ಬೀಡಿಯ ತುಂಡು, ಕಸ ಕಡಿಮೆಯಾಗಲೆಂದು ಹಚ್ಚಿದ ಕಡ್ಡಿ ಮೇಲಿನ ಎಲೆಯನ್ನು ಸುಟ್ಟು ಸಂದುಗಳಲ್ಲಿ ಒಳಗೆ ಇಳಿಯುತ್ತವೆ.

ಒಳಗೆ ಇಳಿದ ಬೆಂಕಿಯ ಸ್ವಭಾವ ಹೊರಗಿನ ಬೆಂಕಿಯಂತಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದೆ. ಅದು ಸುಮಾರು 15ಕ್ಕಿಂತ ಕೆಳಗಿಳಿದರೆ ಕಟ್ಟಿಗೆಯ ಜ್ವಾಲೆ ನಿಲ್ಲಲಾರದು. ಜ್ವಾಲೆಯಿಲ್ಲದ ಕೆಂಡದ ಉರಿಗೆ ಅದಕ್ಕಿಂತಲೂ ಕಡಿಮೆ ಆಮ್ಲಜನಕ ಸಾಕು. ಅದು ಗಂಟೆಗೆ ಒಂದೆರಡು ಅಂಗುಲವೂ ಮುಂದುವರಿಯದೆ, ಬೇರಿನಿಂದ ಬೇರಿಗೆ, ಬೊಡ್ಡೆಯಿಂದ ಬೊಡ್ಡೆಗೆ ತೆವಳುತ್ತ ಹೋಗುತ್ತದೆ. ಜಾರ್ಖಂಡದ ಝರಿಯಾ ಗಣಿ ಪ್ರದೇಶದಲ್ಲಿ ಕಲ್ಲಿದ್ದಲಿನ ಪದರಗಳಿಗೆ ಬೆಂಕಿ ತಗುಲಿದ್ದು ಮೊದಲು ಕಂಡುಬಂದದ್ದು 1916ರಲ್ಲಿ. ಒಂದು ಶತಮಾನ ಕಳೆದರೂ ಅಲ್ಲಿಯ ನೆಲದ ಬೆಂಕಿ ಪೂರ್ತಿ ಆರಿಲ್ಲ. ಕಸದ ಗುಡ್ಡೆಯಲ್ಲಿ ಅಷ್ಟು ಉರುವಲು ಇರುವುದಿಲ್ಲ ಎಂಬುದು ನಿಜ. ಆದರೆ ಬೆಂಕಿಯ ರೀತಿ ಒಂದೇ.

ನಮ್ಮ ರಾಜ್ಯಕ್ಕೂ ಇದರ ಅನುಭವವಿದೆ. ಮಂಗಳೂರಿನ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಸುರಿದ ಕಸದ ಬೆಟ್ಟ 2019ರ ಆಗಸ್ಟ್ ತಿಂಗಳ ಮಳೆಗೆ ಜಾರಿ ಮಂದಾರ ಎಂಬ ಪ್ರದೇಶದ ಮನೆಗಳನ್ನೂ ತೋಟಗಳನ್ನೂ ಮುಚ್ಚಿತು. ಅದೇ ಪಚ್ಚನಾಡಿಯ ಕಸಕ್ಕೆ 2023ರ ಜನವರಿಯಲ್ಲಿ ಬೆಂಕಿ ಹೊತ್ತಿ ಹಲವು ದಿನಗಳ ಕಾಲ ಹೊಗೆ ಕವಿಯಿತು. ಆ ವರ್ಷದ ಮಾರ್ಚ್ 2ರಂದು ಕೇರಳದ ಕೊಚ್ಚಿಯ ಬಳಿ ಬ್ರಹ್ಮಪುರದಲ್ಲಿ ಹೊತ್ತಿದ ಬೆಂಕಿಯನ್ನು ಆರಿಸಲು ಹತ್ತು ದಿನಗಳಿಗೂ ಮೀರಿ ಹಿಡಿಯಿತು. ಈ ಎರಡು ಕಡೆಗಳಲ್ಲಿಯೂ ಕಸ ಬೆರಕೆಯದಾಗಿತ್ತು. ಬರಿಯ ಗಿಡಮರಗಳ ಕಸದ ಬೆಂಕಿಗೆ ಅಮೆರಿಕದ ಅಲಬಾಮ ಸಂಸ್ಥಾನದ ಮೂಡಿ ಎಂಬ ಊರು ಉದಾಹರಣೆ. ಮರದ ಬೊಡ್ಡೆ, ಕೊಂಬೆ, ಎಲೆಗಳನ್ನು ಸುರಿದು ಹೂಳಿದ್ದ ಅಲ್ಲಿಯ ಒಂದು ಜಾಗದಲ್ಲಿ 2022ರ ನವೆಂಬರ್ 25ರಂದು ಬೆಂಕಿ ಕಂಡುಬಂದಿತು. ಗಿಡಮರಗಳ ಕಸ ನಿರಪಾಯವಾದುದು ಎಂದು ಭಾವಿಸಿ ಆ ಸಂಸ್ಥಾನದ ಕಸವಿಲೇವಾರಿಯ ನಿಯಮಗಳಿಂದ ಅದನ್ನು ಹೊರಗೆ ಬಿಡಲಾಗಿತ್ತು. ಆರಿಸುವ ಹೊಣೆ ಯಾರದು ಎಂಬುದು ಇತ್ಯರ್ಥವಾಗುವಷ್ಟರಲ್ಲಿ ವಾರಗಳು ಕಳೆದವು. ಹೊಗೆ ಸುತ್ತಣ ಮನೆಗಳನ್ನು ಹೊಕ್ಕಿತು. ಕೊನೆಗೆ 2023ರ ಜನವರಿಯಲ್ಲಿ ಅಲ್ಲಿಯ ಕೇಂದ್ರ ಸರಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಕೆಲಸವನ್ನು ಕೈಗೆತ್ತಿಕೊಂಡು ಗುಡ್ಡೆಗೆ ಮಣ್ಣು ಹೊದಿಸಿತು. ಹೊಗೆ ಬಹುಮಟ್ಟಿಗೆ ಅಡಗಿತಾದರೂ ಅನಂತರ ಮರುಕಳಿಸದೆ ಇರಲಿಲ್ಲ.

ಹಾಗಾದರೆ ಇಂತಹ ಬೆಂಕಿಯನ್ನು ಆರಿಸುವ ಬಗೆ ಯಾವುದು? ಉರಿಯುವ ವಸ್ತು, ಗಾಳಿ, ಬಿಸಿ ಈ ಮೂರೂ ಕೂಡಿದಲ್ಲಿ ಮಾತ್ರ ಬೆಂಕಿ ಇರುತ್ತದೆ. ಇವುಗಳಲ್ಲಿ ಒಂದನ್ನು ತೆಗೆದರೆ ಬೆಂಕಿ ನಿಲ್ಲಬೇಕು. ಮಾತು ಸುಲಭ, ಗುಡ್ಡೆಯ ಮುಂದೆ ನಿಂತಾಗ ಮಾತ್ರ ಮೂರೂ ಕಠಿಣವಾಗುತ್ತವೆ.

ಎಲ್ಲರಿಗೂ ಮೊದಲು ತೋಚುವುದು ನೀರು. ಬಿಸಿಯನ್ನು ಹೀರುವುದರಲ್ಲಿ ನೀರಿಗೆ ಸಾಟಿಯಿಲ್ಲ. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲರಿ ಉಷ್ಣವನ್ನು ತೆಗೆದುಕೊಳ್ಳುತ್ತದೆ. ಆದರೆ ನೀರು ಕೆಂಡವನ್ನು ಮುಟ್ಟಿದರೆ ತಾನೆ ಈ ಗುಣದಿಂದ ಪ್ರಯೋಜನ? ಗುಡ್ಡೆಯ ಮೇಲೆ ಸುರಿದ ನೀರು ಸುಲಭವಾದ ಬಿರುಕನ್ನು ಹುಡುಕಿಕೊಂಡು ಹರಿದು ಬುಡದಲ್ಲಿ ಹೊರಬೀಳುತ್ತದೆ. ಅಕ್ಕಪಕ್ಕದ ಕೆಂಡಗಳು ಒಣಗಿಯೇ ಉಳಿಯುತ್ತವೆ. ಸುಟ್ಟ ಕಸ ನೀರನ್ನು ಬೇಗನೆ ಹೀರುವುದೂ ಇಲ್ಲ. ಹೊರಬಿದ್ದ ಕಪ್ಪು ನೀರು ಹಳ್ಳವನ್ನೂ ಬಾವಿಯನ್ನೂ ಕೆಡಿಸುತ್ತದೆ. ಮಳೆ ಕಡಿಮೆಯಾದ ಕೂಡ್ಲಿಗಿ ಸೀಮೆಯಲ್ಲಿ ಟ್ಯಾಂಕರುಗಟ್ಟಲೆ ನೀರನ್ನು ಹೀಗೆ ಚೆಲ್ಲುವುದು ಎರಡು ಬಗೆಯ ನಷ್ಟವೇ ಸರಿ.

ಎರಡನೆಯದು ಮಣ್ಣು. ಗುಡ್ಡೆಯನ್ನು ಮಣ್ಣಿನಿಂದ ಮುಚ್ಚಿ, ಯಂತ್ರದಿಂದ ಅದುಮಿದರೆ ಗಾಳಿ ಒಳಗೆ ಹೋಗದು. ಹೊಗೆಯೂ ತಕ್ಷಣ ಇಳಿಯುತ್ತದೆ. ಹೊಗೆಯಿಂದ ಕಂಗೆಟ್ಟ ಊರಿಗೆ ಇದು ದೊಡ್ಡ ನೆಮ್ಮದಿ. ಆದರೆ ಒಲೆಯ ಕೆಂಡದ ಮೇಲಿನ ಬೂದಿಯನ್ನು ಇಲ್ಲಿ ನೆನೆಯಬೇಕು. ಗಾಳಿಯನ್ನು ತಡೆಯುವ ಮಣ್ಣು ಬಿಸಿಯನ್ನೂ ಒಳಗೇ ಹಿಡಿದಿಡುತ್ತದೆ. ತಿಂಗಳುಗಳ ಮೇಲೆ ಎಲ್ಲಿಯೋ ಒಂದು ಬಿರುಕು ಬಿಟ್ಟರೂ ಕೆಂಡಕ್ಕೆ ಮತ್ತೆ ಉಸಿರು ಬರುತ್ತದೆ. ನಮ್ಮ ಎರೆ ಮಣ್ಣಿನ ಗುಣವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಸಿಯಾಗಿರುವಾಗ ಅಂಟಿಕೊಂಡು ಗಾಳಿಯನ್ನು ತಡೆಯುವ ಅದೇ ಮಣ್ಣು ಬೇಸಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಆದುದರಿಂದ ಮಣ್ಣು ಹೊದಿಸುವುದಾದರೆ ಇಳಿಜಾರುಗಳನ್ನೂ ಬಿಡದೆ ದಪ್ಪವಾಗಿ ಹೊದಿಸಿ, ಬಿಟ್ಟ ಬಿರುಕುಗಳನ್ನು ಆಗಾಗ ಮುಚ್ಚುತ್ತ, ದೀರ್ಘಕಾಲ ಕಾವಲು ಕಾಯಬೇಕು. ಮಣ್ಣು ಹೊದಿಸಿದ ದಿನವೇ ಕೆಲಸ ಮುಗಿಯಿತೆಂದು ತಿಳಿದವರು ಬೆಂಕಿಯನ್ನು ಆರಿಸಿದವರಲ್ಲ, ಕಾದಿಟ್ಟವರು.

ಮೂರನೆಯದು ಅಗೆಯುವುದು. ಬಿಸಿಯನ್ನು ನಿಜವಾಗಿ ಹೊರತೆಗೆಯುವ ಮಾರ್ಗ ಇದು. ಹೆಚ್ಚು ಅಪಾಯದ ಮಾರ್ಗವೂ ಇದೇ. ಗುಡ್ಡೆಯನ್ನು ಒಮ್ಮೆಗೇ ತೆರೆದರೆ ಗಾಳಿ ನುಗ್ಗಿ ಕೆಂಡ ಜ್ವಾಲೆಯಾಗುತ್ತದೆ. ಆದ್ದರಿಂದ ಒಂದು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿಯೇ ಅಗೆಯಬೇಕು. ತೆಗೆದ ಕಸವನ್ನು ಬರಿಯ ನೆಲದ ಮೇಲೆ ತೆಳುವಾಗಿ ಹರಡಿ, ನೀರು ಹೊಡೆದು, ತಿರುವಿಹಾಕಿ, ಮತ್ತೆ ನೀರು ಹೊಡೆಯಬೇಕು. ಹರಡಿದ ಕಸದಲ್ಲಿ ನೀರು ಪ್ರತಿಯೊಂದು ಕೆಂಡವನ್ನೂ ಮುಟ್ಟುತ್ತದೆ. ಗುಡ್ಡೆಯ ಮೇಲೆ ಸುರಿದರೆ ಸಾಲದಿದ್ದ ನೀರು ಇಲ್ಲಿ ಸಾಕಾಗುತ್ತದೆ. ಬ್ರಹ್ಮಪುರದಲ್ಲಿಯೂ ಯಂತ್ರಗಳಿಂದ ಕಸವನ್ನು ಬಗೆದು, ಪಕ್ಕದ ಕಡಂಬ್ರಯಾರ್ ಹೊಳೆಯ ನೀರನ್ನು ಒಳಗೆ ಹಾಯಿಸಿದ ಮೇಲೆಯೇ ಬೆಂಕಿ ಹತೋಟಿಗೆ ಬಂದದ್ದು. ತಣಿದ ಕಸವನ್ನು ಪುನಃ ಗುಡ್ಡೆ ಹಾಕಬಾರದು. ಬೆಂಕಿ ಮುಟ್ಟದ ಭಾಗವಿದ್ದರೆ ನಡುವೆ ಅಗಲವಾದ ಕಾಲುವೆ ತೋಡಿ ಅದನ್ನು ಬೇರ್ಪಡಿಸುವುದೂ ಉಂಟು.

ಅನುಭವವುಳ್ಳವರು ಈ ಮೂರರಲ್ಲಿ ಒಂದನ್ನೇ ನೆಚ್ಚುವುದಿಲ್ಲ. ಮೊದಲು ಬೆಂಕಿ ಎಲ್ಲಿದೆ ಎಂಬುದನ್ನು ಅರಿಯುತ್ತಾರೆ. ಹೊಗೆ ಬರುವ ಜಾಗದ ಕೆಳಗೇ ಬೆಂಕಿಯಿರಬೇಕೆಂದಿಲ್ಲ. ಹೊಗೆ ಬಿರುಕುಗಳಲ್ಲಿ ದೂರ ಹರಿದು ಬೇರೆಲ್ಲಿಯೋ ಏಳುತ್ತದೆ. ಆದುದರಿಂದ ಉದ್ದನೆಯ ಉಷ್ಣಮಾಪಕದ ಸಲಾಕೆಗಳನ್ನು ಗುಡ್ಡೆಯೊಳಗೆ ಇಳಿಸಿ ನೋಡುತ್ತಾರೆ. ಬಿಸಿಯನ್ನು ಗುರುತಿಸುವ ಕ್ಯಾಮರಾಗಳನ್ನು ಡ್ರೋನಿನಲ್ಲಿ ಹಾರಿಸುತ್ತಾರೆ. ಬೆಂಕಿ ಮೇಲಿನ ಪದರದಲ್ಲಿದ್ದರೆ ಅಗೆಯುತ್ತಾರೆ. ಆಳದಲ್ಲಿದ್ದರೆ ಮಣ್ಣು ಹೊದಿಸಿ ಕಾಯುತ್ತಾರೆ. ಆರಿತೆಂದು ಹೇಳಲು ಹೊಗೆ ನಿಂತದ್ದು ಸಾಕ್ಷಿಯಾಗದು. ಒಳಗಿನ ಉಷ್ಣತೆ ವಾರದಿಂದ ವಾರಕ್ಕೆ ಇಳಿಯುತ್ತ ಬಂದು, ಇಳಿದಲ್ಲಿಯೇ ನಿಂತರೆ ಮಾತ್ರ ನಂಬಬಹುದು.

ಈ ಕೆಲಸದಲ್ಲಿ ತೊಡಗುವವರ ಪ್ರಾಣದ ವಿಚಾರವನ್ನು ಮರೆಯುವಂತಿಲ್ಲ. ಒಳಗೆ ಸುಟ್ಟು ಟೊಳ್ಳಾದ ಗುಡ್ಡೆಯ ಮೇಲ್ಪದರ ಗಟ್ಟಿಯಾಗಿ ಕಂಡರೂ ಕಾಲಿಟ್ಟಾಗ ಕುಸಿಯುತ್ತದೆ. ಅದಕ್ಕಿಂತ ಘೋರವಾದುದು ಇಂಗಾಲದ ಮಾನಾಕ್ಸೈಡ್ ಅನಿಲ. ಗಾಳಿ ಸಾಲದೆ ಉರಿಯುವ ಬೆಂಕಿಯಲ್ಲಿ ಅದು ಹೇರಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಮ್ಮ ಹಿರಿಯರು ಜೋಳದ ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಅಲ್ಲಿ ಉಸಿರಾಡಲು ಗಾಳಿಯಿಲ್ಲ ಎಂದು ಅರ್ಥ. ಆ ಜಾಣತನ ಇಲ್ಲಿ ನಡೆಯದು. ಪ್ರಾಣ ತೆಗೆಯುವಷ್ಟು ಮಾನಾಕ್ಸೈಡ್ ಇರುವಲ್ಲಿಯೂ ದೀಪ ಉರಿಯುತ್ತಲೇ ಇರಬಹುದು; ಕೊಳೆತ ಕಸದ ಮೀಥೇನಿಗೆ ಆ ದೀಪವೇ ಕಿಡಿಯೂ ಆಗಬಹುದು. ಅನಿಲವನ್ನು ಅಳೆಯುವ ಉಪಕರಣ, ಉಸಿರಾಟದ ಸಾಧನ, ಗಾಳಿ ಬೀಸುವ ಕಡೆಯಿಂದಲೇ ಕೆಲಸ ಮಾಡುವ ಎಚ್ಚರ ಇವಿಲ್ಲದೆ ದಿನಗೂಲಿಯವರನ್ನು ಗುದ್ದಲಿ ಕೊಟ್ಟು ಗುಡ್ಡೆ ಹತ್ತಿಸುವುದು ಅನ್ಯಾಯ. ಊರಿನ ಕಸ ಎಲ್ಲರದು. ಅದರ ವಿಷವನ್ನು ಕೆಲವರ ಎದೆಗೆ ಮಾತ್ರ ತುಂಬುವುದು ನ್ಯಾಯವಲ್ಲ.

ಆರಿಸುವುದಕ್ಕೆ ಇಷ್ಟು ಹಣ, ಇಷ್ಟು ಶ್ರಮ, ಇಷ್ಟು ತಾಳ್ಮೆ ಬೇಕಾದ ಬೆಂಕಿಯನ್ನು ಹುಟ್ಟದಂತೆ ತಡೆಯುವುದಕ್ಕೆ ಬೇಕಾದುದು ಅತ್ಯಲ್ಪ. ಕೊಂಬೆರೆಂಬೆಗಳನ್ನು ಚೂರು ಮಾಡಿ, ಸೊಪ್ಪಿನೊಡನೆ ಬೆರೆಸಿ, ಆಳೆತ್ತರವನ್ನು ಮೀರದ ಸಾಲುಗಳಲ್ಲಿ ಒಟ್ಟಬೇಕು. ಸಾಲುಗಳ ನಡುವೆ ಗಾಡಿ ಓಡಾಡುವಷ್ಟು ಬಯಲು ಬಿಡಬೇಕು. ಕೆಲವು ದಿನಗಳಿಗೊಮ್ಮೆ ತಿರುವಿಹಾಕಿದರೆ ಬಿಸಿ ಹೊರಟುಹೋಗುತ್ತದೆ. ಕೆಲವು ತಿಂಗಳಲ್ಲಿ ಕಸ ಗೊಬ್ಬರವಾಗುತ್ತದೆ. ಗುಡ್ಡೆಯನ್ನು ಸುಡಬಲ್ಲ ಆ ಬಿಸಿಯೇ ಹದದಲ್ಲಿದ್ದಾಗ ಕಳೆಯ ಬೀಜವನ್ನೂ ರೋಗಾಣುಗಳನ್ನೂ ಕೊಂದು ಗೊಬ್ಬರವನ್ನು ಶುದ್ಧಗೊಳಿಸುತ್ತದೆ. ಕೂಡ್ಲಿಗಿ ಸೀಮೆಯ ಮಸಾರಿ ಹೊಲಗಳಿಗೆ ಇಂತಹ ಗೊಬ್ಬರ ಎಷ್ಟು ದೊರೆತರೂ ಸಾಲದು. ಮಣ್ಣಿನಲ್ಲಿ ಅದು ಬೆರೆತಷ್ಟೂ ಮಳೆಯ ತೇವ ಹೆಚ್ಚು ದಿನ ನಿಲ್ಲುತ್ತದೆ. ಹೊಲದಿಂದ ಬಂದುದು ಹೊಲಕ್ಕೆ ಮರಳಬೇಕು. ಮರಳಿಸದೆ ಹಳ್ಳಕ್ಕೆ ಸುರಿದು ಮಣ್ಣೆಳೆದರೆ, ಅದು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಮುಂದೆ ಎಂದೋ ಒಂದು ದಿನ ಅದು ಹೊಗೆಯಾಗಿ ನಮ್ಮ ಮನೆಯ ಬಾಗಿಲಿಗೇ ಬರುತ್ತದೆ.