ಕುಲುಮೆಯ ಕತ್ತಿ: ಕೊಳ್ಳುವವರಿಗೂ ಮಾಡುವವರಿಗೂ ಗಿಟ್ಟುವ ಬೆಲೆ ಯಾವುದು?

ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ಬಳಿಕ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ತೋಟಗಳಲ್ಲಿ ಕತ್ತಿಗೆ ಬಿಡುವಿರುವುದಿಲ್ಲ. ಗಿಡ ಕಸಿ, ಮಳೆಗಾಲಕ್ಕೆ ಮುನ್ನ ನೆರಳು ಮರಗಳ ಮರಗಸಿ, ಮಳೆ ಹಿಡಿದ ಮೇಲೆ ಕಳೆ ಸವರುವುದು, ಅಡಿಕೆ ಕೊಯ್ಲಿನ ಕಾಲಕ್ಕೆ ಮೆಟ್ಟುಗತ್ತಿ ಹೀಗೆ ವರ್ಷದ ಒಂದೊಂದು ಕೆಲಸಕ್ಕೂ ಒಂದೊಂದು ಬಗೆಯ ಕತ್ತಿ ಬೇಕು. ಈ ದಿನಗಳಲ್ಲಿ ಯಾವುದೇ ಕುಲುಮೆಯ ಮುಂದೆ ನಿಂತರೂ ಕೇಳಿಬರುವ ಮಾತು ಒಂದೇ. "ಆಚಾರ್ರೇ, ಕತ್ತಿ ಆಯ್ತಾ?" ಎಂದು ತೋಟದ ರೈಟರು ಕೇಳುತ್ತಾರೆ. "ನಾಳೆ ಬನ್ನಿ ರೈಟರೇ" ಎಂಬ ಉತ್ತರ ಬರುತ್ತದೆ. ಆ ನಾಳೆ ಒಂದು ವಾರವಾದರೂ ಆಗಬಹುದು. ಬೇಸತ್ತ ರೈಟರು ಪೇಟೆಯ ಅಂಗಡಿಯಿಂದ ಯಂತ್ರದಲ್ಲಿ ಕತ್ತರಿಸಿದ ಅಗ್ಗದ ಕತ್ತಿಗಳನ್ನು ಡಜನ್ ಲೆಕ್ಕದಲ್ಲಿ ಕೊಂಡೊಯ್ಯುತ್ತಾರೆ.

ಕೈಯಿಂದ ಬಡಿದು ಮಾಡಿದ, ಬಳಸುವವನ ಕೈಗೆ ಒಗ್ಗುವ, ಬಾಳಿಕೆ ಬರುವ ಕತ್ತಿ ಕೈಗೆಟಕುವ ಬೆಲೆಗೆ ದೊರೆಯುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಹವ್ಯಾಸಿಗಳದ್ದಲ್ಲ. ಅದು ತೋಟದ ಖರ್ಚಿನ ಪ್ರಶ್ನೆ, ಕಬ್ಬಿಣದ ಅಂಗಡಿಯವರ ವ್ಯಾಪಾರದ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ಕುಲುಮೆ ಇನ್ನೆಷ್ಟು ದಿನ ಉರಿಯುತ್ತದೆ ಎಂಬ ಪ್ರಶ್ನೆ.

ಅದಿರಿನ ಬೆಟ್ಟದ ಕೆಳಗೆ ಗುಜರಿ ಉಕ್ಕು

ಕಳಸಕ್ಕೆ ಸಮೀಪದ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರು ಕಂಪನಿಯು ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಅದಿರಿನ ರಾಡಿಯನ್ನು ಮಂಗಳೂರಿಗೆ ಸಾಗಿಸುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ಅಲ್ಲಿನ ಗಣಿಗಾರಿಕೆ ನಿಂತಿತು. ಆದರೆ ಆ ಬೆಟ್ಟದ ಬುಡದಲ್ಲಿರುವ ಕಮ್ಮಾರನು ಕತ್ತಿಗೆ ಬಳಸುವುದು ಗುಜರಿಯಲ್ಲಿ ಸಿಗುವ ಲಾರಿಯ ಸ್ಪ್ರಿಂಗ್ ಪ್ಲೇಟನ್ನು.

ಈ ಆಯ್ಕೆ ಬಡತನದ್ದಲ್ಲ, ತಿಳಿವಳಿಕೆಯದ್ದು. ಸ್ಪ್ರಿಂಗ್ ಪ್ಲೇಟುಗಳಿಗೆ ಬಳಸುವ ಇಎನ್ 45 ದರ್ಜೆಯ ಉಕ್ಕಿನಲ್ಲಿ ಇಂಗಾಲವು ಶೇ. 0.5ರಿಂದ 0.6ರಷ್ಟೂ ಸಿಲಿಕಾನ್ ಶೇ. 1.5ರಿಂದ 2ರಷ್ಟೂ ಇರುತ್ತದೆ. ಇಂಗಾಲವು ಅಂಚಿಗೆ ಗಡಸುತನವನ್ನು ಕೊಟ್ಟರೆ, ಸಿಲಿಕಾನ್ ಬಾಗಿದರೂ ಮುರಿಯದ ಗುಣವನ್ನು ಕೊಡುತ್ತದೆ. ಸಿಲ್ವರ್ ಓಕ್ ಅಥವಾ ಹಾಲವಾಣದ ಕೊಂಬೆಗೆ ದಿನಕ್ಕೆ ನೂರಾರು ಏಟು ಹಾಕುವ ಕತ್ತಿಗೆ ಇವೆರಡೂ ಅವಶ್ಯ. ಕಟ್ಟಡದ ಸರಳು ಅಥವಾ ಸಾಮಾನ್ಯ ಕಬ್ಬಿಣದ ಪಟ್ಟಿಯಲ್ಲಿ ಇಂಗಾಲ ಕಡಿಮೆ ಇರುವುದರಿಂದ ಅದಕ್ಕೆ ಎಷ್ಟು ಹದ ಹಾಕಿದರೂ ಅಂಚು ನಿಲ್ಲದು.

ಹದವೇ ಬೆಲೆ

ಪ್ಲೇಟನ್ನು ಕಾಸಿ, ಅಡಿಗಲ್ಲಿನ ಮೇಲೆ ಬಡಿದು, ಕತ್ತಿಯ ಆಕಾರ ತರುವುದನ್ನು ಕಣ್ಣಿಗೆ ಕಾಣುವ ಕೆಲಸವೆನ್ನಬಹುದು. ಕತ್ತಿಯ ಯೋಗ್ಯತೆಯನ್ನು ನಿರ್ಧರಿಸುವುದು ನಂತರದ ಕೆಲವೇ ನಿಮಿಷಗಳ ಹದ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಕಾಸಿ ಎಣ್ಣೆಯಲ್ಲಿ ಅದ್ದಿದರೆ ಅಂಚು ಗಡುಸಾಗುತ್ತದೆ. ಈ ಜಾತಿಯ ಉಕ್ಕನ್ನು ತಣ್ಣೀರಿನಲ್ಲಿ ಅದ್ದಿದರೆ ಸೀಳು ಬಿಡುವ ಸಂಭವ ಹೆಚ್ಚು. ಕುಲುಮೆಯ ಕೋಣೆ ಮಬ್ಬುಗತ್ತಲಾಗಿರುವುದಕ್ಕೂ ಕಾರಣವಿದೆ: ಕಾದ ಉಕ್ಕಿನ ಬಣ್ಣವನ್ನು ಬಿಸಿಲಿನಲ್ಲಿ ಸರಿಯಾಗಿ ಅಂದಾಜು ಮಾಡಲಾಗದು.

ಅದ್ದಿದ ಉಕ್ಕು ಗಾಜಿನಂತೆ ಪೆಡಸು. ಅದನ್ನು ಮತ್ತೆ ಮಂದವಾಗಿ ಕಾಸಿ ಇಳಿಸಬೇಕು. ಉಜ್ಜಿ ಬೆಳಗಿಸಿದ ಮೈಮೇಲೆ ಒಣಹುಲ್ಲಿನ ಬಣ್ಣ ಮೂಡಿದರೆ ಸುಮಾರು 220ರಿಂದ 230 ಡಿಗ್ರಿ. ಅದು ಅಡುಗೆಮನೆಯ ಚಾಕುವಿಗೆ ಸಾಕು. ನೇರಳೆಯಿಂದ ನೀಲಿಗೆ ತಿರುಗಿದರೆ 280ರಿಂದ 300 ಡಿಗ್ರಿ. ಅದು ಕಡಿಯುವ ಕತ್ತಿಗೆ ತಕ್ಕದ್ದು. ಒಬ್ಬನೇ ಕಮ್ಮಾರನು ಎರಡು ಕೆಲಸಕ್ಕೆ ಎರಡು ಹದ ಕೊಡಬಲ್ಲನು ಎಂಬುದೇ ಕೈಗೆಲಸದ ನಿಜವಾದ ಲಾಭ. ಆದರೆ ಗಿರಾಕಿಯು ಕೆಲಸ ಯಾವುದೆಂದು ಹೇಳಿದರೆ ಮಾತ್ರ ಆ ಲಾಭ ಅವನಿಗೆ ದಕ್ಕುತ್ತದೆ.

ಬರೆದಿಡದ ಲೆಕ್ಕ

ಹಿಂದೆ ಹಳ್ಳಿಯ ಕಮ್ಮಾರನು ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಧಾನ್ಯವೇ ವರ್ಷದ ದುಡಿಮೆಗೆ ಪ್ರತಿಫಲ. ಧಾನ್ಯದ ಪದ್ಧತಿ ಹೋಗಿ ದುಡ್ಡಿನ ವ್ಯವಹಾರ ಬಂದರೂ, ತನ್ನ ದುಡಿಮೆಗೆ ಬೆಲೆ ಕಟ್ಟುವ ಅಭ್ಯಾಸ ಬಹುತೇಕ ಕುಲುಮೆಗಳಿಗೆ ಬರಲಿಲ್ಲ. ಇದನ್ನು ಒಂದು ಮಾದರಿ ಲೆಕ್ಕದಿಂದ ತಿಳಿಯಬಹುದು. ಅಂಕಿಗಳು ಉದಾಹರಣೆಗೆ ಮಾತ್ರ. ಆಯಾ ಊರಿನ ದರವನ್ನು ಅವರವರೇ ತುಂಬಿಕೊಳ್ಳಬೇಕು.

ಒಂದು ಮರಗಸಿ ಕತ್ತಿಗೆ ಪ್ಲೇಟು 100 ರೂ., ಇದ್ದಿಲು 150 ರೂ., ಚಮ್ಮಟಿಗೆ ಹೊಡೆಯುವ ಸಹಾಯಕನ ಅರ್ಧ ದಿನದ ಕೂಲಿ 300 ರೂ., ಹಿಡಿ ಮತ್ತು ಬಳೆಗೆ 80 ರೂ., ವಿದ್ಯುತ್ತು, ಸಾಣೆಕಲ್ಲು ಹಾಗೂ ಸಲಕರಣೆಗಳ ಸವಕಳಿಗೆ 70 ರೂ. ಎಂದಿಟ್ಟುಕೊಂಡರೆ ಕೈಬಿಟ್ಟು ಹೋಗುವ ಹಣ 700 ರೂ. ಕಮ್ಮಾರನು ಕತ್ತಿಯನ್ನು 800 ರೂ.ಗೆ ಮಾರಿ ನೂರು ರೂಪಾಯಿ ಲಾಭವಾಯಿತೆಂದು ಭಾವಿಸುತ್ತಾನೆ. ದಿನಕ್ಕೆ 1,000 ರೂ. ಎಂದು ಹಿಡಿದರೂ ಅವನ ಸ್ವಂತ ಅರ್ಧ ದಿನದ ದುಡಿಮೆ 500 ರೂ. ಅಂದರೆ ನಿಜವಾದ ಉತ್ಪಾದನಾ ವೆಚ್ಚ 1,200 ರೂ. ಅವನು ಗಳಿಸಿದ್ದು ನೂರಲ್ಲ, ಕಳೆದುಕೊಂಡದ್ದು ನಾನೂರು. ತಂದೆಯ ದುಡಿಮೆಗೆ ಲೆಕ್ಕದಲ್ಲಿ ಜಾಗವಿಲ್ಲದ ಕಸುಬಿಗೆ ಮಗನು ಬರಲೊಪ್ಪದಿರುವುದು ಆಶ್ಚರ್ಯವಲ್ಲ.

ಈಗ ಕೊಳ್ಳುವವನ ಲೆಕ್ಕ. 350 ರೂ.ಗಳ ಅಗ್ಗದ ಕತ್ತಿ ಒಂದು ಹಂಗಾಮಿಗೆ ಸವೆದುಹೋಗುತ್ತದೆ ಎಂದೂ, 1,200 ರೂ.ಗಳ ಕುಲುಮೆಯ ಕತ್ತಿ ಆರು ಹಂಗಾಮು ಬಾಳುತ್ತದೆ ಎಂದೂ, ನಡುವೆ ಐದು ಬಾರಿ ಕಾಸಿ ಹಣಿಸಲು ತಲಾ 100 ರೂ. ತಗಲುತ್ತದೆ ಎಂದೂ ಹಿಡಿಯೋಣ. ಆರು ಹಂಗಾಮಿನ ಒಟ್ಟು ವೆಚ್ಚ 1,700 ರೂ.; ಹಂಗಾಮಿಗೆ ಸುಮಾರು 283 ರೂ. ಇಷ್ಟರಲ್ಲೇ ದುಬಾರಿ ಕತ್ತಿ ಅಗ್ಗವಾಯಿತು. ಇದಲ್ಲದೆ, ಅಂಚು ನಿಲ್ಲದ ಕತ್ತಿಯನ್ನು ಮಸೆಯಲು ಆಳು ದಿನಕ್ಕೆ ಕಾಲು ಗಂಟೆ ಹೆಚ್ಚು ವ್ಯಯಿಸಿದರೆ, ಎಂಟು ಗಂಟೆಗೆ 500 ರೂ. ಕೂಲಿಯಂತೆ ಅರವತ್ತು ದಿನಗಳಲ್ಲಿ ಸುಮಾರು 937 ರೂ. ನಷ್ಟ. ಈ ಮೊತ್ತ ಕತ್ತಿಯ ಬಿಲ್ಲಿನಲ್ಲಿ ಕಾಣುವುದಿಲ್ಲ, ಕೂಲಿಯ ಪಟ್ಟಿಯಲ್ಲಿ ಅಡಗಿರುತ್ತದೆ.

ಕೈಗೆಟಕುವ ಬೆಲೆ ಎಂದರೆ ಕಡಿಮೆ ಬೆಲೆ ಎಂದಲ್ಲ. ದುಡಿಮೆಯ ದಿನಕ್ಕೆ ಹಂಚಿದಾಗ ಕಡಿಮೆಯಾಗುವ ಬೆಲೆ.

ಹೇಳಿ ಮಾಡಿಸುವ ಕ್ರಮ

ಒಳ್ಳೆಯ ಕತ್ತಿಯನ್ನು ಮಿತವ್ಯಯದಲ್ಲಿ ಪಡೆಯಲು ಕೆಲವು ಸರಳ ನಿಯಮಗಳಿವೆ. ಮೊದಲನೆಯದು ಕಾಲ. ಎಲ್ಲರೂ ಏಪ್ರಿಲ್‌ನಲ್ಲಿ ಓಡಿಬಂದರೆ ಅವಸರದ ಹದವೇ ಗತಿ. ಕುಲುಮೆಗೆ ಬಿಡುವಿರುವ ತಿಂಗಳುಗಳಲ್ಲಿ ಹೇಳಿಟ್ಟರೆ ಕೆಲಸವೂ ಚೊಕ್ಕ, ದರವೂ ಮಾತಿಗೆ ಬಗ್ಗುತ್ತದೆ. ಎರಡನೆಯದು ಸಂಖ್ಯೆ. ನಾಲ್ಕಾರು ತೋಟದವರು ಸೇರಿ ಒಂದೇ ಅಳತೆಯ ಇಪ್ಪತ್ತು ಕತ್ತಿ ಹೇಳಿದರೆ ಇದ್ದಿಲು, ಸಹಾಯಕನ ಕೂಲಿ ಎರಡೂ ಉಳಿಯುತ್ತವೆ. ಮೂರನೆಯದು ವಿವರ: ಯಾವ ಕೆಲಸ, ಎಷ್ಟು ತೂಕ, ಬಲಗೈಯೋ ಎಡಗೈಯೋ ಎಂಬುದನ್ನು ಹೇಳಬೇಕು. ಹಳೆಯ ಒಳ್ಳೆಯ ಕತ್ತಿಯೊಂದನ್ನು ಮಾದರಿಯಾಗಿ ಒಯ್ಯುವುದು ಎಲ್ಲಕ್ಕಿಂತ ಉತ್ತಮ. ಹಿಡಿಗೆ ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಚೆನ್ನಾಗಿ ಒಣಗಿದ ಕಾಂಡವೂ ಒದಗುತ್ತದೆ.

ಪಡೆಯುವಾಗ ಪರೀಕ್ಷಿಸಬೇಕು. ಹದವಾದ ಅಂಚಿನ ಮೇಲೆ ಅರವು ಸುಲಭವಾಗಿ ಕಚ್ಚದೆ ಜಾರುತ್ತದೆ. ಬೆನ್ನಿನ ಕಡೆ ಕಚ್ಚುತ್ತದೆ. ಒಣಗಿದ ಬಿದಿರಿನ ಗಂಟಿಗೆ ನಾಲ್ಕು ಏಟು ಹಾಕಿದಾಗ ಅಂಚು ಮಡಿಚಿದರೆ ಹದ ಕಡಿಮೆ, ಚೂರು ಹಾರಿದರೆ ಹದ ಹೆಚ್ಚು. ಎರಡೂ ದೋಷಗಳನ್ನು ಮತ್ತೆ ಕಾಸಿ ಸರಿಪಡಿಸಬಹುದು. ಕತ್ತಿ ಮಾಡಿದವನು ಹತ್ತಿರದಲ್ಲೇ ಇದ್ದಾನೆ ಎಂಬುದು ಅಂಗಡಿಯ ಮಾಲಿಗಿಲ್ಲದ ಖಾತರಿ. ಈ ಉಕ್ಕು ಮಲೆನಾಡಿನ ಮಳೆಗೆ ಬೇಗ ತುಕ್ಕು ಹಿಡಿಯುವುದರಿಂದ ಕೆಲಸ ಮುಗಿದೊಡನೆ ಒರಸಿ ಎಣ್ಣೆ ಸವರಬೇಕು.

ಕಾನೂನು ಮತ್ತು ತೆರಿಗೆ

ಕತ್ತಿಯ ವ್ಯಾಪಾರಕ್ಕೆ ಶಸ್ತ್ರಾಸ್ತ್ರ ಕಾನೂನಿನ ಭಯ ಕೆಲವರಿಗಿದೆ. 1959ರ ಕಾಯಿದೆಯು ಗೃಹಬಳಕೆ ಅಥವಾ ಕೃಷಿಗೆಂದೇ ರೂಪಿಸಿದ ವಸ್ತುಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 2016ರ ನಿಯಮಗಳಲ್ಲಿರುವ 9 ಅಂಗುಲ ಉದ್ದ, 2 ಅಂಗುಲ ಅಗಲದ ಮಿತಿಯೂ ಗೃಹಬಳಕೆ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಉದ್ದೇಶದ ಅಲಗುಗಳಿಗೆ ಅನ್ವಯಿಸುವುದಿಲ್ಲ. ಆದುದರಿಂದ ಬಿಲ್ಲಿನಲ್ಲಿ "ಕೃಷಿ ಕತ್ತಿ" ಎಂದು ಸ್ಪಷ್ಟವಾಗಿ ಬರೆಯುವುದು ಲೇಸು. ಅಲಂಕಾರಕ್ಕೆಂದು ಖಡ್ಗ, ಕಠಾರಿಗಳನ್ನು ಮಾರುವುದು ಬೇರೆಯೇ ವಿಷಯ.

ಸರಕು ಮತ್ತು ಸೇವಾ ತೆರಿಗೆಯಲ್ಲಿ 8201 ಶೀರ್ಷಿಕೆಯ ಕೃಷಿ ಕೈ ಉಪಕರಣಗಳಿಗೆ 2017ರ ಜುಲೈ 1ರಿಂದ ವಿನಾಯಿತಿ ದೊರೆಯಿತು. 8211ರ ಚಾಕುಗಳಿಗೆ 2022ರ ಜುಲೈ 18ರಿಂದ ದರವು ಶೇ. 12ರಿಂದ ಶೇ. 18ಕ್ಕೆ ಏರಿತು. 2025ರ ಸೆಪ್ಟೆಂಬರ್ 22ರಂದು ದರಗಳ ಪುನರ್ರಚನೆಯಾಗಿರುವುದರಿಂದ ಚಾಲ್ತಿಯ ಪಟ್ಟಿಯನ್ನು ನೋಡಿಯೇ ಬಿಲ್ಲು ಬರೆಯಬೇಕು. ಒಂದೇ ಅಂಗಡಿಯಲ್ಲಿ ಎರಡನ್ನೂ ಮಾರುವ ವರ್ತಕರು ಹೂಡುವಳಿ ತೆರಿಗೆ ಜಮೆಯಲ್ಲಿ ವಿನಾಯಿತಿ ಮಾಲಿನ ಪಾಲನ್ನು ಹಿಂತಿರುಗಿಸಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಕೇವಲ ವಿನಾಯಿತಿಯ ಕೃಷಿ ಉಪಕರಣಗಳನ್ನು ಮಾಡುವ ಕಮ್ಮಾರನಿಗೆ ನೋಂದಣಿಯ ಹೊರೆಯೇ ಇಲ್ಲ.

ಕುಲುಮೆಗೆ ಬಂಡವಾಳ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000 ರೂ. ನೆರವು, ಜಾಮೀನಿಲ್ಲದೆ ಮೊದಲು 1 ಲಕ್ಷ ಮತ್ತು ನಂತರ 2 ಲಕ್ಷ ರೂ.ಗಳ ಸಾಲ ಶೇ. 5ರ ಬಡ್ಡಿಯಲ್ಲಿ ಎಂಬುದು ಅದರ ರೂಪ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ಯಂತ್ರದ ಸುತ್ತಿಗೆಯಂತಹ ದೊಡ್ಡ ಹೂಡಿಕೆಗೆ ಇದು ಸಾಲದಿದ್ದರೂ, ತಿದಿಯ ಬದಲು ವಿದ್ಯುತ್ ಬ್ಲೋವರ್, ಸಾಣೆ ಯಂತ್ರ ಕೊಳ್ಳಲು ಸಾಕಾಗುತ್ತದೆ.

ಆದರೆ ಸಾಲಕ್ಕಿಂತ ಮುಖ್ಯವಾದ ಬಂಡವಾಳ ಸಕಾಲದ ಪಾವತಿ. "ಕಾಫಿ ಮಾರಿದ ಮೇಲೆ ಕೊಡೋಣ" ಎಂಬ ವಾಡಿಕೆಯಲ್ಲಿ ತೋಟ ಮತ್ತು ಅಂಗಡಿಗಳ ಬಾಕಿಗೆ ಬಡ್ಡಿ ತೆರುವವನು ಕಮ್ಮಾರ. ಅವನು ಉದ್ಯಮ್ ನೋಂದಣಿ ಪಡೆದಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದಾಗ 15 ದಿನಗಳಲ್ಲಿ, ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ಈ ಅವಧಿ ಮೀರಿದ ಬಾಕಿಯನ್ನು ಪಾವತಿಯಾಗುವವರೆಗೂ ಖರ್ಚೆಂದು ಕಳೆಯುವಂತಿಲ್ಲ ಎಂಬ ನಿಯಮವು 2024-25ನೇ ಕರನಿರ್ಧಾರಣಾ ವರ್ಷದಿಂದ ಆದಾಯ ತೆರಿಗೆಯಲ್ಲಿ ಜಾರಿಗೆ ಬಂದಿತು. ಕತ್ತಿಯ ಬಾಕಿ ಚಿಕ್ಕದಾಗಿರಬಹುದು. ನಿಯಮಕ್ಕೆ ಚಿಕ್ಕದು ದೊಡ್ಡದೆಂಬ ಭೇದವಿಲ್ಲ.

2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಕಾಫಿಯ ನೆರಳನ್ನು ಹದವಾಗಿಡುವ ಕತ್ತಿಗೆ ಅಂತಹ ಹೆಸರಿಲ್ಲ. ಜರ್ಮನಿಯ ಜೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್, ಜಪಾನಿನ ಸಾಕಾಯ್ ಪಟ್ಟಣಗಳು ಅಲಗಿನಿಂದಲೇ ಜಗತ್ತಿನಲ್ಲಿ ಹೆಸರಾದವು. ಅಷ್ಟು ದೂರದ ಗುರಿ ಇಲ್ಲಿ ಸದ್ಯಕ್ಕೆ ಬೇಕಿಲ್ಲ. ಕತ್ತಿಯ ಬೆನ್ನಿನ ಮೇಲೆ ಕಮ್ಮಾರನ ಮುದ್ರೆ, ಕೈಯಲ್ಲಿ ಒಂದು ರಸೀದಿ, ಹದಿನೈದು ದಿನಗಳೊಳಗೆ ಹಣ ಇಷ್ಟನ್ನು ಇಲ್ಲಿನ ಕಬ್ಬಿಣದ ವರ್ತಕರೂ ಬೆಳೆಗಾರರೂ ಈ ಹಂಗಾಮಿನಿಂದಲೇ ಆರಂಭಿಸಬಹುದು. ಕುಲುಮೆ ಒಮ್ಮೆ ಆರಿದರೆ ಒಳ್ಳೆಯ ಕತ್ತಿ ಯಾವ ಬೆಲೆಗೂ ಸಿಗದು.